ಎಪ್ಪತ್ತನಾಲ್ಕನೆಯ ಸ್ಥಾನದ ಹಾಡು

ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ಮೊದಲ ಮೂರು ಹೆಸರುಗಳನ್ನು ಕೊಂಡಾಡಿ ಉಳಿದವನ್ನು ಮರೆಯುವುದು ಲೋಕರೂಢಿ. ಸಂಗೀತ ಪ್ರಪಂಚದಲ್ಲಿಯೂ ಇಂತಹ ಪಟ್ಟಿಗಳುಂಟು. ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯು ವಾರವಾರವೂ ನೂರು ಜನಪ್ರಿಯ ಹಾಡುಗಳನ್ನು ಕ್ರಮಾಂಕದೊಡನೆ ಪ್ರಕಟಿಸುತ್ತದೆ. 1968ರಲ್ಲಿ ‘ದಿ ಬರ್ಡ್ಸ್’ ಎಂಬ ತಂಡದ ‘ಯೂ ಏಂಟ್ ಗೋಯಿನ್ ನೋವೇರ್’ ಎಂಬ ಹಾಡು ಆ ಪಟ್ಟಿಯಲ್ಲಿ 74ನೆಯ ಸ್ಥಾನದವರೆಗೆ ಏರಿ ಅಲ್ಲಿಗೇ ನಿಂತಿತು. 1965ರಲ್ಲಿ ಎರಡು ಬಾರಿ ಅಗ್ರಸ್ಥಾನ ಪಡೆದಿದ್ದ ತಂಡಕ್ಕೆ ಇದು ಅಲ್ಪ ಫಲವೇ ಸರಿ.

ಇದರ ಹಿನ್ನೆಲೆ ಗಡಿನಾಡಿನವರಾದ ನಮಗೆ ಚಿಂತನಾರ್ಹವಾಗಿದೆ. ರಾಕ್ ಸಂಗೀತದಿಂದ ಹೆಸರಾದ ಈ ತಂಡವು ಗ್ರಾಮೀಣ ಮೂಲದ ‘ಕಂಟ್ರಿ’ ಸಂಗೀತಕ್ಕೆ ಒಲಿದು, ಅದರ ತವರಾದ ನ್ಯಾಶ್‌ವಿಲ್ ನಗರಕ್ಕೆ ಹೋಗಿ, ಬಾಬ್ ಡಿಲನ್ ರಚಿಸಿದ ಈ ಹಾಡನ್ನು ಧ್ವನಿಮುದ್ರಿಸಿತು. ಅಲ್ಲಿಯ ನುರಿತ ವಾದಕ ಲಾಯ್ಡ್ ಗ್ರೀನ್ ಪೆಡಲ್ ಸ್ಟೀಲ್ ಗಿಟಾರ್ ನುಡಿಸಿದರು. ಆದರೆ ಅದೇ ಮಾರ್ಚ್ ತಿಂಗಳಲ್ಲಿ ‘ಗ್ರ್ಯಾಂಡ್ ಓಲ್ ಆಪ್ರಿ’ ವೇದಿಕೆಯೇರಿದಾಗ ಸಭಿಕರಿಂದ ಮೂದಲಿಕೆಯ ಕೂಗು ಕೇಳಿಬಂತು. ಕಂಟ್ರಿಯವರಿಗೆ ಇವರು ಹೊರಗಿನವರು. ರಾಕ್ ಅಭಿಮಾನಿಗಳಿಗೆ ದಾರಿ ಬಿಟ್ಟವರು. ಆ ಕಡೆಗೂ ಸಲ್ಲದೆ ಈ ಕಡೆಗೂ ಸಲ್ಲದೆ ಇರುವ ಕಷ್ಟವನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಹಾಡುವಾಗ ರೋಜರ್ ಮೆಗ್ವಿನ್ ಒಂದೆಡೆ ಎರಡು ಪದಗಳನ್ನು ಹಿಂದುಮುಂದು ಮಾಡಿದ್ದರು. 1971ರಲ್ಲಿ ಡಿಲನ್ ತಾವೇ ಇದನ್ನು ಹಾಡಿ ಪ್ರಕಟಿಸಿದಾಗ ಮೆಗ್ವಿನ್ನರ ಹೆಸರನ್ನೇ ಹಾಡಿನೊಳಗೆ ಸೇರಿಸಿ ವಿನೋದ ಮಾಡಿದರು. ತಿದ್ದುವ ಕೆಲಸವನ್ನು ಹೀಗೆ ನಗುನಗುತ್ತಲೂ ಮಾಡಬಹುದೆಂಬುದು ಉಪಾಧ್ಯಾಯರಾದ ನಮಗೆ ಇಷ್ಟವಾದ ಪಾಠ.

ವರ್ಷಗಳು ಕಳೆದವು. ಕಂಟ್ರಿ ಮತ್ತು ರಾಕ್ ಬೆರೆತ ಗಾಯನಕ್ಕೆ ಕಿವಿಗಳು ಹದಗೊಂಡವು. 1989ರಲ್ಲಿ ಮೆಗ್ವಿನ್ ಮತ್ತು ಅವರ ಹಳೆಯ ಜೊತೆಗಾರ ಕ್ರಿಸ್ ಹಿಲ್ಮನ್, ‘ನಿಟಿ ಗ್ರಿಟಿ ಡರ್ಟ್ ಬ್ಯಾಂಡ್’ ತಂಡದೊಡನೆ ಅದೇ ಹಾಡನ್ನು ಮತ್ತೆ ಹಾಡಿದರು. ಈ ಸಲ ಅದು ಕಂಟ್ರಿ ಪಟ್ಟಿಯಲ್ಲಿಯೇ 6ನೆಯ ಸ್ಥಾನಕ್ಕೇರಿತು. ಒಮ್ಮೆ ಮೂದಲಿಸಿದ ಮನೆಯೇ ಇಪ್ಪತ್ತೊಂದು ವರ್ಷಗಳ ಮೇಲೆ ಬಾಗಿಲು ತೆರೆದಂತಾಯಿತು.

“ಮಕ್ಕಳೇ ಇಲ್ಲದ ಕನ್ನಡ ತರಗತಿಗೆ ನಮ್ಮ ಮಗುವನ್ನೇಕೆ ಸೇರಿಸಬೇಕು, ಮಾಸ್ತರೇ?” ಎಂದು ಕೇಳುವ ತಂದೆತಾಯಿಗಳು ನಮ್ಮೂರಿನಲ್ಲಿದ್ದಾರೆ. ಅವರ ಆತಂಕ ನಿಜವಾದದ್ದು. ಮಗುವಿನ ಮುಂದಿನ ಬಾಳಿನ ಪ್ರಶ್ನೆಯದು. ಸಂಖ್ಯೆಯನ್ನು ಅಲಕ್ಷಿಸಿರೆಂದು ನಾವು ಹೇಳಲಾರೆವು. ಆದರೆ ಸಂಖ್ಯೆ ತಿಳಿಸುವುದು ಆ ಹೊತ್ತಿನ ಎಣಿಕೆಯನ್ನು ಮಾತ್ರ, ಬೆಲೆಯನ್ನಲ್ಲ. 74ನೆಯ ಸ್ಥಾನದಲ್ಲಿ ನಿಂತ ಹಾಡನ್ನು ಹಾಡಿದವರು ಕೈಬಿಡಲಿಲ್ಲವಾದ್ದರಿಂದಲೇ ಅದಕ್ಕೆ ಎರಡನೆಯ ಕಾಲ ಒದಗಿತು. ನುಡಿಯ ಮಾತೂ ಅಷ್ಟೇ. ಆಡುವವರು ಮನೆಯಲ್ಲಿ ಆಡುತ್ತಿರಬೇಕು.