ಹೆಬ್ಬಾಳದ ಕಲ್ಲಿನಿಂದ ಗಗನಚುಕ್ಕಿಯವರೆಗೆ

ಯಲಹಂಕ ಉಪನಗರದ ಪಾರ್ಕಿನಲ್ಲಿ ದಿನವೂ ಬೆಳಿಗ್ಗೆ ಒಟ್ಟಿಗೆ ನಡೆಯುವ ನಾಲ್ವರು ಗೆಳೆಯರು ನಾವು. ಒಬ್ಬರು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದ ಮೇಷ್ಟ್ರು. ಇನ್ನೊಬ್ಬರು ಆರ್.ಟಿ. ನಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವರು. ಮತ್ತೊಬ್ಬರು 34 ವರ್ಷ ಲೈನ್‌ಮನ್ ಆಗಿದ್ದವರು. ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು. ಹಳೆಯ ದಿನಗಳ ಮಾತು ಬಂದರೆ ಮೂವರೂ ಮೇಲೆ ಬಿದ್ದು ಕತೆ ಹೇಳುತ್ತೇವೆ. ಲೈನ್‌ಮನ್ ಗೆಳೆಯರು ಮಾತ್ರ ‘ನಮ್ದೇನಿದೆ ಬಿಡಿ, ಕಂಬ ಹತ್ತೋದು, ಇಳಿಯೋದು’ ಎಂದು ನಕ್ಕು ಸುಮ್ಮನಾಗುತ್ತಾರೆ.

ಕಳೆದ ಶ್ರಾವಣದಲ್ಲಿ ಕಾವೇರಿ ತುಂಬಿ ಹರಿಯುತ್ತಿರುವ ಸುದ್ದಿ ಬಂತು. ಸೋಮನಾಥಪುರ, ತಲಕಾಡು, ಶಿವನಸಮುದ್ರ ಮೂರನ್ನೂ ಒಂದೇ ದಿನದಲ್ಲಿ ನೋಡಿ ಬರೋಣ ಎಂದು ಮೇಷ್ಟ್ರು ಹೊರಡಿಸಿದರು. ಆರನೇ ತರಗತಿಯ ನನ್ನ ಮೊಮ್ಮಗಳೂ ಹಟ ಮಾಡಿ ಕಾರು ಹತ್ತಿದಳು. ಅವಳ ಕೈಗೆ ಮೇಷ್ಟ್ರು ಒಂದು ಪುಟ್ಟ ನೋಟ್‌ಬುಕ್ ಕೊಟ್ಟು, ‘ಇವತ್ತು ರಾಜರ ಹೆಸರು ಬೇಡ ಪುಟ್ಟಿ. ಬೇರೆ ಯಾರ ಹೆಸರು ಸಿಕ್ಕಿದರೂ ಬರೆದುಕೋ’ ಎಂದರು.

ಮೊದಲ ಹೆಸರು ಸಿಗಲು ಊರು ದಾಟಬೇಕಾಗಲಿಲ್ಲ. ಹೆಬ್ಬಾಳದಲ್ಲಿ ಕಾರು ನಿಲ್ಲಿಸಿ, ಬೀದಿ ಬದಿಯ ಪುಟ್ಟ ಕಲ್ಲಿನ ಮಂಟಪದೊಳಗಿನ ವೀರಗಲ್ಲನ್ನು ಮೇಷ್ಟ್ರು ತೋರಿಸಿದರು. ಅದು 2018ರಲ್ಲಿ ಸಿಕ್ಕಿದ್ದು. ಸುಮಾರು ಕ್ರಿ.ಶ. 750ರದು, ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನ. ಗಂಗರ ದೊರೆ ಶ್ರೀಪುರುಷನ ಕಾಲದಲ್ಲಿ ರಟ್ಟರ ದಾಳಿಯನ್ನು ಎದುರಿಸಿ ಮಡಿದ ಕಿತ್ತಯ್ಯ ಎಂಬುವನ ನೆನಪಿಗೆ ನಿಲ್ಲಿಸಿದ ಕಲ್ಲು. ಅದರಲ್ಲಿ ಹೆಬ್ಬಾಳದ ಹೆಸರು ‘ಪೆರ್ಬೊಳಲ್’. ಹಳಗನ್ನಡದ ‘ಪಾಲ್’ ಹಾಲಾಯಿತು, ‘ಪುಲಿ’ ಹುಲಿಯಾಯಿತು. ಹಾಗೆಯೇ ‘ಪೆರ್’ ಹೋಗಿ ‘ಹೆಬ್’ ಬಂತು. ನಮ್ಮ ಫ್ಲೈಓವರಿನ ಸಮೀಪದಲ್ಲೇ 1,250 ವರ್ಷಗಳಿಗೂ ಹಿಂದಿನ ಒಬ್ಬ ಮನುಷ್ಯನ ಹೆಸರು ಉಳಿದಿದೆ! ಮೊಮ್ಮಗಳು ಬರೆದಳು: ಕಿತ್ತಯ್ಯ.

ಮದ್ದೂರಿನಲ್ಲಿ ಇಡ್ಲಿ ತಿಂದು, ದಾರಿಗೆ ವಡೆ ಕಟ್ಟಿಸಿಕೊಂಡು ಸೋಮನಾಥಪುರ ಸೇರಿದಾಗ ಬಿಸಿಲು ಏರಿತ್ತು. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ ಇದು. ನಕ್ಷತ್ರದ ಆಕಾರದ ಜಗತಿಯ ಮೇಲೆ ಮೂರು ಗರ್ಭಗುಡಿ, ಮೂರು ಗೋಪುರ. ಬೇಲೂರು, ಹಳೇಬೀಡುಗಳ ಜೊತೆ ಇದೂ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕತೆಗಳು. ಕಟ್ಟಿರುವುದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಕ್ರಮೇಣ ಗಟ್ಟಿಯಾಗುತ್ತದೆ. ಆದ್ದರಿಂದಲೇ ಸರದ ಮಣಿಯನ್ನೂ ಬಿಡಿಬಿಡಿಯಾಗಿ ಕೆತ್ತಲು ಸಾಧ್ಯವಾಗಿದೆ.

ನಮ್ಮ ಟೈಲರ್ ಗೆಳೆಯರು ವಿಗ್ರಹಗಳ ಉಡುಗೆಯ ಅಂಚನ್ನೇ ನೋಡುತ್ತ ನಿಂತುಬಿಟ್ಟರು. ‘ಈ ನೆರಿಗೆ ಕೂರಿಸಿದ್ದಾನಲ್ಲ, ಇವನು ಬಟ್ಟೆ ಬಲ್ಲವನು’ ಎಂಬುದು ಅವರ ತೀರ್ಪು. ಮೊಮ್ಮಗಳು ಬಗ್ಗಿ ಬಗ್ಗಿ ವಿಗ್ರಹಗಳ ಪೀಠ ನೋಡುತ್ತಿದ್ದಳು. ಇಲ್ಲಿ ಶಿಲ್ಪಿಗಳು ತಾವು ಮಾಡಿದ ವಿಗ್ರಹದ ಕೆಳಗೆ ಸಹಿ ಮಾಡಿದ್ದಾರೆ. ಹೆಚ್ಚು ಕಡೆ ಕಾಣುವುದು ಮಲ್ಲಿತಮ್ಮನ ಹೆಸರು. ಮಸಣಿತಮ್ಮ, ಚೌಡೆಯ, ಬಾಲೆಯ ಎಂಬುವರೂ ಇದ್ದಾರೆ. ಅವಳ ನೋಟ್‌ಬುಕ್ಕಿನ ಒಂದು ಪುಟ ತುಂಬಿತು.

ಅಲ್ಲಿಂದ ಟಿ. ನರಸೀಪುರದ ಮೇಲೆ ತಲಕಾಡು. ಕಾವೇರಿ ಬಾಗಿ ಹರಿಯುವ ಈ ಊರು ಗಂಗರ ರಾಜಧಾನಿಯಾಗಿತ್ತು. ಬೆಳಿಗ್ಗೆ ಕಂಡ ಕಿತ್ತಯ್ಯನ ದೊರೆ ಶ್ರೀಪುರುಷ ಇದೇ ಗಂಗರ ಮನೆತನದವನು. ಆಮೇಲೆ ಚೋಳರ ಕೈಗೆ ಹೋದ ಊರನ್ನು ಹೊಯ್ಸಳ ವಿಷ್ಣುವರ್ಧನ ಗೆದ್ದು ‘ತಲಕಾಡುಗೊಂಡ’ ಎನಿಸಿಕೊಂಡ, ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಈಗ ಎಲ್ಲೆಲ್ಲೂ ಮರಳು. ದೇವಾಲಯಗಳನ್ನು ಅಗೆದು ಬಿಡಿಸಿರುವುದರಿಂದ ಗುಡಿಗೆ ಮೆಟ್ಟಿಲು ಇಳಿದು ಹೋಗಬೇಕು. ಅಲಮೇಲಮ್ಮ ಎಂಬಾಕೆಯ ಶಾಪದಿಂದ ಹೀಗಾಯಿತೆಂದು ಜನ ಹೇಳುತ್ತಾರೆ. ಬೇಸಿಗೆಯಲ್ಲಿ ನದಿ ಇಳಿದಾಗ ಪಾತ್ರದ ಮರಳನ್ನು ಗಾಳಿ ಹೊತ್ತು ತಂದು ದಂಡೆಗೆ ಸುರಿಯಿತು ಎಂಬುದು ಭೂವಿಜ್ಞಾನಿಗಳ ವಿವರಣೆ. ಮೊಮ್ಮಗಳು ಎರಡನ್ನೂ ಕೇಳಿ, ಅಲಮೇಲಮ್ಮನ ಹೆಸರು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಮೇಷ್ಟ್ರಿಗೆ ಅದು ಬಹಳ ಹಿಡಿಸಿತು.

ಗಗನಚುಕ್ಕಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿತ್ತು. ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಬೀಳುತ್ತಾಳೆ. ಮಳವಳ್ಳಿ ಕಡೆಯಿಂದ ಕಾಣುವುದು ಗಗನಚುಕ್ಕಿ, ಕೊಳ್ಳೇಗಾಲದ ಕಡೆಯದು ಭರಚುಕ್ಕಿ. ಕಬ್ಬಿಣದ ಕಟಕಟೆಯ ಹಿಂದೆ ನಿಂತೆವು. ಕೆಂಪು ನೀರು ಬಂಡೆಗೆ ಬಡಿದು ಹೊಗೆಯಾಗಿ ಏಳುತ್ತಿತ್ತು. ನಮ್ಮ ಕನ್ನಡಕಗಳೆಲ್ಲ ಒದ್ದೆ.

ಎಲ್ಲರೂ ನೀರು ನೋಡುತ್ತಿದ್ದರೆ, ಲೈನ್‌ಮನ್ ಗೆಳೆಯರು ತಂತಿ ಹೊತ್ತ ಗೋಪುರಗಳನ್ನು ನೋಡುತ್ತಿದ್ದರು. ‘ಪುಟ್ಟೀ, ನಿಮ್ಮನೆ ಲೈಟಿನ ಅಜ್ಜಿ ಮನೆ ಇದು’ ಎಂದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಮುಂದಾಳತ್ವದಲ್ಲಿ ಶುರುವಾದ ಇಲ್ಲಿನ ವಿದ್ಯುದಾಗಾರದಿಂದ 1902ರಲ್ಲಿ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ ಬಂತು. ಎತ್ತರದಿಂದ ಪೈಪಿನಲ್ಲಿ ಧುಮುಕುವ ನೀರು ಚಕ್ರ ತಿರುಗಿಸುತ್ತದೆ, ಚಕ್ರ ಜನರೇಟರನ್ನು ತಿರುಗಿಸುತ್ತದೆ. ‘ದೂರ ಕಳಿಸುವಾಗ ವೋಲ್ಟೇಜು ಜಾಸ್ತಿ ಮಾಡ್ತಾರೆ, ದಾರೀಲಿ ಸೋರಿಹೋಗೋದು ಕಡಿಮೆ ಆಗ್ಲಿ ಅಂತ. ನಿಮ್ಮ ಬೀದಿಗೆ ಬಂದ ಮೇಲೆ ಟ್ರಾನ್ಸ್‌ಫಾರ್ಮರು ಅದನ್ನ ಇಳಿಸುತ್ತೆ.’ ಅವರು ಒಂದೇ ಸಮನೆ ಅಷ್ಟು ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ.

ಮೊಮ್ಮಗಳು ಶೇಷಾದ್ರಿ ಅಯ್ಯರ್ ಎಂದು ಬರೆದುಕೊಂಡು ಕೇಳಿದಳು, ‘ತಾತ, ಅಷ್ಟು ದೂರ ತಂತಿ ಎಳೆದವರ ಹೆಸರು ಎಲ್ಲಿ ಬರೆದಿದೆ?’

‘ಅವರ ಹೆಸರು ಯಾರು ಬರೀತಾರಮ್ಮ’ ಎಂದರು. ಸ್ವಲ್ಪ ಹೊತ್ತು ಜಲಪಾತದ್ದೇ ಸದ್ದು. ಆಮೇಲೆ ಅವರೇ ಮುಂದುವರಿಸಿದರು. ‘ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗೋದು. ರಾತ್ರಿ ಹನ್ನೊಂದಾಗಲಿ, ಎರಡಾಗಲಿ ಹೋಗಬೇಕು. ಕಂಬ ಹತ್ತಿ ಸರಿ ಮಾಡಿ, ಲೈನ್ ಕೊಡಿ ಅಂತ ಹೇಳ್ತಿದ್ದೆ. ಕರೆಂಟ್ ಬಂದ ತಕ್ಷಣ ಬೀದಿ ಮಕ್ಕಳೆಲ್ಲ ‘ಹೋ...’ ಅಂತ ಕೂಗೋರು. ಆ ಕೂಗು ನನಗೆ ಮೇಲಕ್ಕೇ ಕೇಳೋದು. ಆಮೇಲೆ ಎಲ್ಲರೂ ಒಳಗೆ ಓಡೋರು. ನಾನು ಇಳಿಯೋ ಹೊತ್ತಿಗೆ ಬೀದೀಲಿ ಯಾರೂ ಇರ್ತಿರಲಿಲ್ಲ.’

ದೂರಿನ ದನಿ ಅದರಲ್ಲಿ ಇರಲಿಲ್ಲ. ಆ ಬೀದಿಗಳಲ್ಲಿ ನನ್ನ ಮಕ್ಕಳೂ ‘ಹೋ’ ಎಂದು ಕೂಗಿದವರೇ. ಈ ಕೆಲಸದ ಬಗ್ಗೆ ತಮ್ಮ ಮೊಮ್ಮಕ್ಕಳಿಗೆ ಎಂದಾದರೂ ಹೇಳಿದ್ದೀರಾ ಎಂದು ಟೈಲರ್ ಕೇಳಿದರು. ‘ಅವರು ಕೇಳಿಲ್ಲ, ನಾನು ಹೇಳಿಲ್ಲ’ ಎಂದರು.

ಹಲಗೂರು, ಕನಕಪುರದ ದಾರಿ ಹಿಡಿದು ಹಿಂತಿರುಗಿದೆವು. ಬೆಂಗಳೂರಿನ ನಲ್ಲಿಗಳಿಗೆ 1974ರಿಂದ ಕಾವೇರಿ ಬರುತ್ತಿರುವುದೂ ಈ ಕಡೆಯಿಂದಲೇ. ಶಿವನಸಮುದ್ರದ ಬಳಿ ಎತ್ತಿಕೊಂಡ ನೀರನ್ನು ತೊರೆಕಾಡನಹಳ್ಳಿಯಿಂದ ಪಂಪು ಮಾಡಿ, ಸುಮಾರು 100 ಕಿಲೋಮೀಟರ್ ದೂರ, ಏರುತ್ತ ಏರುತ್ತ ತರುತ್ತಾರೆ. ಹಾಗೆ ನೋಡಿದರೆ ಮನೆಯಲ್ಲಿ ಒಂದು ಸ್ವಿಚ್ಚು ಒತ್ತಿದರೂ, ಒಂದು ನಲ್ಲಿ ತಿರುಗಿಸಿದರೂ ಅದರ ಹಿಂದೆ ಹೆಸರು ಗೊತ್ತಿಲ್ಲದ ಎಷ್ಟೋ ಜನ. ಕಿತ್ತಯ್ಯನಿಗೆ ಕಲ್ಲು ನಿಲ್ಲಿಸಿದರು. ಮಲ್ಲಿತಮ್ಮನ ಕೈಯಲ್ಲಿ ಉಳಿಯಿತ್ತು, ತಾನೇ ಬರೆದುಕೊಂಡ. ಉಳಿದವರ ಹೆಸರನ್ನು ಮನೆಯವರಾದರೂ ಕೇಳಿ ತಿಳಿದಿಟ್ಟುಕೊಳ್ಳಬೇಕು. ಮಕ್ಕಳೇ, ನಿಮ್ಮ ತಾತ, ಅಜ್ಜಿ ಏನು ಕೆಲಸ ಮಾಡುತ್ತಿದ್ದರು, ಅದನ್ನು ಹೇಗೆ ಮಾಡುತ್ತಿದ್ದರು ಎಂದು ಒಮ್ಮೆ ಕೇಳಿ ನೋಡಿ.

ಕನಕಪುರ ದಾಟುವಾಗ ಕತ್ತಲಾಗಿತ್ತು. ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದ ಮೊಮ್ಮಗಳು ಎದ್ದು ಕೂತು, ಮೊಬೈಲಿನ ಬೆಳಕಿನಲ್ಲಿ ನೋಟ್‌ಬುಕ್ ಬಿಡಿಸಿದಳು.

‘ಲೈನ್‌ಮನ್ ತಾತ, ನಿಮ್ಮ ಪೂರ್ತಿ ಹೆಸರು ಹೇಳಿ.’

ಅವರು ಹೇಳಿದರು. ಬಾಗಿ ಅವಳು ಬರೆದದ್ದನ್ನು ನೋಡಿದರು.

‘ಇನಿಷಿಯಲ್ ಬಿಟ್ಟೆಯಲ್ಲಮ್ಮ’ ಎಂದರು. ‘ಅದನ್ನೂ ಸೇರಿಸು. ಅದು ನಮ್ಮೂರಿನ ಹೆಸರು.’