ಚಿತ್ರಪುಸ್ತಕ ಹುಡುಕುತ್ತಾ ಬೆಂಗಳೂರಿನಲ್ಲಿ ಒಂದು ದಿನ

ಬೆಂಗಳೂರಿಗೆ ಹೋದ ನಮ್ಮೂರ ಹೆಂಗಸರು ಕಮರ್ಷಿಯಲ್ ಸ್ಟ್ರೀಟಿನಿಂದ ಬಟ್ಟೆ, ರಸೆಲ್ ಮಾರ್ಕೆಟಿನಿಂದ ಖರ್ಜೂರ ತರುವುದು ವಾಡಿಕೆ. ಮದುವೆಗೆಂದು ಶಿವಾಜಿನಗರದ ನಂಟರ ಮನೆಯಲ್ಲಿ ಮೂರು ದಿನ ತಂಗಿದ್ದಾಗ ನಾನು ಒಂದು ಇಡೀ ದಿನವನ್ನು ಮಕ್ಕಳ ಪುಸ್ತಕಕ್ಕೆಂದೇ ಮೀಸಲಿಟ್ಟೆ. ದೊಡ್ಡವಳಿಗೆ ಐದು ವರ್ಷ, ಚಿಕ್ಕವನಿಗೆ ಎರಡೂವರೆ. ಮಂಗಳೂರಿನ ಆಚೆಗಿರುವ ನಮ್ಮ ಸಣ್ಣ ಪೇಟೆಯಲ್ಲಿ ಮಕ್ಕಳ ಪುಸ್ತಕವೆಂದರೆ ಎಬಿಸಿಡಿ ಮತ್ತು ಹಣ್ಣು-ತರಕಾರಿಗಳ ಚಿತ್ರಪಟ. ಅದನ್ನು ತೋರಿಸಿ ಹೆಸರು ಹೇಳಿಸಬಹುದೇ ಹೊರತು ಮಡಿಲಲ್ಲಿ ಕೂರಿಸಿಕೊಂಡು ಓದಿ ಹೇಳಲು ಅದರಲ್ಲಿ ಕಥೆಯೇ ಇರುವುದಿಲ್ಲ.

ನಮ್ಮಂಥ ಮನೆಗಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡಕ್ಕೆ ಜಾಗವೆಲ್ಲಿ? ದೊಡ್ಡವಳು ಕನ್ನಡ ಅಕ್ಷರ ಕಂಡರೆ ಮುಖ ತಿರುಗಿಸತೊಡಗಿದ್ದಳು. ಹೀಗೇ ಬಿಟ್ಟರೆ ನಾಳೆ ನಾನು ಓದುವ ಈ ಮಾಸಿಕವನ್ನೂ ಅವಳು ಓದಲಾರಳು ಎಂಬ ಚಿಂತೆ ನನ್ನನ್ನು ಕಾಡುತ್ತಿತ್ತು.

ಚಿಕ್ಕವನನ್ನು ಉಮ್ಮನ ಬಳಿ ಬಿಟ್ಟು, ಮಗಳೊಂದಿಗೆ ಬೆಳಿಗ್ಗೆಯೇ ಗಾಂಧಿನಗರದ ಸಪ್ನಾ ಬುಕ್ ಹೌಸ್‌ಗೆ ಹೋದೆ. ಕನ್ನಡದ ಮಕ್ಕಳ ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕ ತೆಗೆದು ಮೆಲುದನಿಯಲ್ಲಿ ಎರಡು ಪುಟ ಓದಿದೆ. ಪಕ್ಕದಲ್ಲಿದ್ದವರು ಒಮ್ಮೆ ತಿರುಗಿ ನೋಡಿದರು, ನೋಡಲಿ. ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳುತ್ತೇವೆಯೇ? ಓದಿ ಹೇಳುವ ಪುಸ್ತಕವನ್ನು ನಾಲಿಗೆಯ ಮೇಲೆಯೇ ಪರೀಕ್ಷಿಸಬೇಕು. ಚಿತ್ರ ಚೆಂದವಿದ್ದ ಕೆಲವು ಪುಸ್ತಕಗಳಲ್ಲಿ ಮೊಲವೊಂದು ‘ಅತ್ಯಂತ ಪ್ರಫುಲ್ಲಿತವಾಗಿ’ ನೆಗೆಯುತ್ತಿತ್ತು. ಮಗಳು ಅಷ್ಟು ಹೊತ್ತಿಗೆ ಬೇರೆಲ್ಲೋ ನೋಡುತ್ತಿದ್ದಳು. ಅವನ್ನು ಅಲ್ಲೇ ಇಟ್ಟೆ.

ಪ್ರಥಮ್ ಬುಕ್ಸ್‌ನ ತೆಳು ಪುಸ್ತಕಗಳು ನನ್ನ ಕೆಲಸವನ್ನು ಹಗುರ ಮಾಡಿದವು. ಇದು 2004ರಲ್ಲಿ ಬೆಂಗಳೂರಿನಲ್ಲೇ ಆರಂಭವಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಇವರ ಪುಸ್ತಕಗಳಲ್ಲಿ ಒಂದರಿಂದ ನಾಲ್ಕರವರೆಗೆ ಹಂತಗಳಿವೆ. ಒಂದನೆಯದರಲ್ಲಿ ಪುಟಕ್ಕೆ ಕೆಲವೇ ಪದಗಳು. ಆದರೆ ಆ ಹಂತಗಳು ಮಗು ತಾನೇ ಓದಲು ಕಲಿಯುವ ಲೆಕ್ಕದವು. ತಾಯಿ ಓದಿ ಹೇಳುವುದಾದರೆ ಒಂದು ಮೆಟ್ಟಿಲು ಮೇಲಿನದನ್ನೇ ಧೈರ್ಯವಾಗಿ ಕೊಳ್ಳಬಹುದು, ಕಿವಿ ಕಣ್ಣಿಗಿಂತ ಮುಂದಿರುತ್ತದೆ. ರೋಹಿಣಿ ನಿಲೇಕಣಿಯವರು ಬರೆದ, ಶೃಂಗೇರಿ ಶ್ರೀನಿವಾಸ ಎಂಬ ರೈತನ ಕಥೆಯೊಂದಿದೆ. ಅವನ ಉದ್ದ ಕೂದಲು ಕತ್ತರಿಸಲು ಯಾರಿಗೂ ಪುರುಸೊತ್ತಿಲ್ಲ. ಮಗಳು ಚಿತ್ರ ನೋಡಿಯೇ ನಕ್ಕಳು, ಓದಿದಾಗ ಮತ್ತೆ ನಕ್ಕಳು. ಎರಡು ಸಲ ನಗಿಸಿದ ಪುಸ್ತಕ ಚೀಲ ಸೇರಿತು. ಇದೇ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಎಂಬ ತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಸಿಗುತ್ತವೆ. ಆದರೆ ಮೊಬೈಲ್ ಕೈಗೆ ಬಂದರೆ ನಮ್ಮ ಚಿಕ್ಕವನಿಗೆ ಕಥೆ ಬೇಡ, ಕಾರ್ಟೂನೇ ಬೇಕು.

ಮೆಜೆಸ್ಟಿಕ್‌ನಿಂದ ಮೆಟ್ರೋ ಹತ್ತಿ ಕಬ್ಬನ್ ಪಾರ್ಕಿನಲ್ಲಿ ಇಳಿದೆವು. 1870ರಲ್ಲಿ ರೂಪುಗೊಂಡ ಈ ಉದ್ಯಾನದೊಳಗೆ ಮಕ್ಕಳಿಗೆಂದೇ ಇಂದಿರಾ ಪ್ರಿಯದರ್ಶಿನಿ ಗ್ರಂಥಾಲಯವಿದೆ, ಬಾಲಭವನದ ಪುಟಾಣಿ ರೈಲೂ ಇದೆ. ಆದರೆ ನಾನು ಕಲಿತದ್ದು ಮರದಡಿಯ ಒಂದು ಕಲ್ಲುಬೆಂಚಿನ ಬಳಿ. ಬುರ್ಖಾ ಧರಿಸಿದ ಎಳೆಯ ತಾಯಿಯೊಬ್ಬಳು ಮಗನಿಗೆ ಇಂಗ್ಲಿಷ್ ಪುಸ್ತಕ ಹಿಡಿದು ಕೂತಿದ್ದಳು. ಅಕ್ಷರಗಳ ಗೊಡವೆಗೇ ಹೋಗದೆ ದಖನಿಯಲ್ಲಿ, “ಹಾತಿ ಕಾಂ ಗಯಾ ರೇ?” ಎನ್ನುತ್ತಿದ್ದಳು. ಮಗು ಮರದ ಹಿಂದೆ ಇಣುಕುತ್ತಿದ್ದ ಸೊಂಡಿಲನ್ನು ಬೆರಳಿಟ್ಟು ತೋರಿಸುತ್ತಿತ್ತು. ಚಿತ್ರ ಸರಿಯಾಗಿದ್ದರೆ ಪುಸ್ತಕದ ಭಾಷೆ ಮನೆಮಾತಿಗೆ ಅಡ್ಡ ಬರುವುದಿಲ್ಲ. ಮಾತಿನಲ್ಲಿ ಇಲ್ಲದ ಏನಾದರೊಂದು ಚಿತ್ರದಲ್ಲಿ ಅಡಗಿರಬೇಕು, ಅಷ್ಟೇ.

ಅಲ್ಲಿಂದ ಚರ್ಚ್ ಸ್ಟ್ರೀಟ್. ಬ್ಲಾಸಮ್, ಬುಕ್‌ವರ್ಮ್ ಅಂಗಡಿಗಳಲ್ಲಿ ಹಳೆಯ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಎರಿಕ್ ಕಾರ್ಲ್ 1969ರಲ್ಲಿ ರಚಿಸಿದ ಹಸಿದ ಕಂಬಳಿಹುಳುವಿನ ಪುಸ್ತಕ ಚಿಕ್ಕವನಿಗೆಂದು ಆರಿಸಿದೆ. ಹುಳು ತಿಂದ ಹಣ್ಣುಗಳಲ್ಲಿ ನಿಜವಾದ ತೂತುಗಳೇ ಇವೆ, ಮಗುವಿನ ಬೆರಳು ತೂರುವಂಥವು. ದಪ್ಪ ರಟ್ಟಿನದನ್ನೇ ತೆಗೆದುಕೊಂಡೆ, ತೆಳು ಹಾಳೆಯದು ನಮ್ಮ ಮನೆಯಲ್ಲಿ ಒಂದು ವಾರವೂ ಬಾಳದು. ಹಂದಿಯ ಚಿತ್ರವಿದ್ದರೆ ಪುಸ್ತಕವನ್ನೇ ಹಿಂದಿಡುವ ತಾಯಂದಿರನ್ನು ನಾನು ಬಲ್ಲೆ. ನನಗೆ ಅದು ಸರಿ ಕಾಣದು. ಅದೂ ಅಲ್ಲಾಹನ ಸೃಷ್ಟಿಯೇ. ನಿಷಿದ್ಧವಾದದ್ದು ಅದರ ಮಾಂಸ, ಅದರ ಕಥೆಯಲ್ಲ.

ನಾನು ಹುಡುಕುತ್ತಿದ್ದುದು ಇನ್ನೊಂದನ್ನು. ಪುಸ್ತಕದೊಳಗೆ ನಮ್ಮ ಮಕ್ಕಳು ಎಲ್ಲಿದ್ದಾರೆ? ಅಮೆರಿಕದ ಎಜ್ರಾ ಜ್ಯಾಕ್ ಕೀಟ್ಸ್ 1962ರಲ್ಲಿ ಕಪ್ಪು ಬಾಲಕನೊಬ್ಬನನ್ನು ಹಿಮದಲ್ಲಿ ಸುಮ್ಮನೆ ಆಟವಾಡಲು ಬಿಟ್ಟ ಪುಸ್ತಕ ರಚಿಸಿದಾಗ, ಅಲ್ಲಿನ ಚಿತ್ರಪುಸ್ತಕಗಳಲ್ಲಿ ಅಂಥ ನಾಯಕ ಬಲು ಅಪರೂಪ. ಮುಂದಿನ ವರ್ಷ ಅದಕ್ಕೆ ಕಾಲ್ಡಿಕಾಟ್ ಪದಕ ಬಂತು. ನಮ್ಮಲ್ಲಿ ಚೆನ್ನೈನ ತೂಲಿಕಾ ಪ್ರಕಟಿಸಿದ ‘ಇಸ್ಮತ್ಸ್ ಈದ್’ ಸಿಕ್ಕಿತು. ಹಬ್ಬಕ್ಕೆ ಕೊಂಡ ಉದ್ದದ ಪ್ಯಾಂಟನ್ನು ಮನೆಯವರೆಲ್ಲ ಒಬ್ಬರಿಗೊಬ್ಬರು ತಿಳಿಯದಂತೆ ಮೋಟು ಮಾಡುವ ತಮಾಷೆ. ಫೌಝಿಯಾ ಗಿಲಾನಿ ಬರೆದದ್ದು, ಪ್ರೊಯ್ತಿ ರಾಯ್ ಚಿತ್ರ. ಸಂತೋಷದಿಂದಲೇ ಕೊಂಡೆ. ಆದರೂ ಈದ್ ಇಲ್ಲದ ದಿನ ಚಪ್ಪಲಿ ಕಳೆದುಕೊಂಡು ಹುಡುಕುವ ಒಬ್ಬ ಸಲ್ಮಾಳ ಕಥೆ ಸಿಕ್ಕಿದ್ದರೆ ಇನ್ನೂ ಸಂತೋಷವಾಗುತ್ತಿತ್ತು.

ಮಗ್ರಿಬ್ ನಮಾಝಿನ ಬಳಿಕ ಶಿವಾಜಿನಗರದ ಮನೆಯಲ್ಲಿ ಚೀಲ ಬಿಚ್ಚಿದೆ. ಕೋಳಿ ಮತ್ತು ಮರಿಗಳ ಕನ್ನಡ ಪುಸ್ತಕವೊಂದನ್ನು ಉಮ್ಮ ಎತ್ತಿಕೊಂಡರು. ಅವರಿಗೆ ಕನ್ನಡ ಓದಲು ಬಾರದು. ಓದೆಂದರೆ ಅವರಿಗೆ ಕುರ್‌ಆನ್ ಪಾರಾಯಣ. ರೂಢಿಯಂತೆ ಬಲಗಡೆಯಿಂದಲೇ ತೆರೆದರು. ಹಾಗಾಗಿ ಕೊನೆಯ ಪುಟದ ಮರಿಗಳು ಮೊದಲು ಬಂದವು. ಉಮ್ಮ ಬ್ಯಾರಿಯಲ್ಲಿ ಕಥೆ ಶುರು ಮಾಡಿಯೇಬಿಟ್ಟರು. ಮರಿಗಳು ಗಿಡುಗನಿಗೆ ಹೆದರಿ ಒಂದೊಂದಾಗಿ ಮೊಟ್ಟೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡವಂತೆ. ಚಿಕ್ಕವನು ಬಾಯಿ ತೆರೆದು ಕೇಳುತ್ತಿದ್ದ.

ದೊಡ್ಡವಳಿಗೆ ತಡೆಯಲಾಗಲಿಲ್ಲ. ಪುಸ್ತಕವನ್ನು ತಿರುಗಿಸಿ ಮೊದಲ ಪುಟ ತೆಗೆದು, “ಇಲ್ಲಿಂದ ಓದಬೇಕು” ಎಂದಳು.

“ಹೌದಾ? ಇದೇನು ಅಕ್ಷರ ಮಗಳೇ?” ಉಮ್ಮ ಬೆರಳಿಟ್ಟು ಕೇಳಿದರು.

“ಕೋ.”

“ಇದರ ಮುಂದಿನದು?”

ಅವಳಿಗೆ ಅದು ಗೊತ್ತಿರಲಿಲ್ಲ. ಪುಸ್ತಕ ಎತ್ತಿಕೊಂಡು ಅಡಿಗೆ ಮನೆಯಲ್ಲಿದ್ದ ನನ್ನ ಬಳಿಗೆ ಓಡಿ ಬಂದಳು.