ತೊಳೆಯದೆ ತಾ

ದೇಲಂಪಾಡಿ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ತಲಪಿತು. ಅಮ್ಮನ ಪಟ ನೋಡಿ, "ಎಲ್ಲ ಬೂದಿ ಬೂದಿ, ಸಪ್ಪೆ ಕಾಣ್ತದೆ ಅಕ್ಕಾ. ಇನ್ನು ರೋಲನ್ನು ಇಲ್ಲೇ ಲ್ಯಾಬಿಗೆ ಕೊಡ್ತೇನೆ, ನೀನ್ಯಾಕೆ ಅಷ್ಟು ಕಷ್ಟಪಡುವುದು" ಅಂತ ಬರೆದಿದ್ದಿ. ಬೇಡ ಮಾರಾಯ್ತಿ, ಕೊಡಬೇಡ. ಯಾಕೆ ಅಂತ ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯಲು ಕೂತೆ.

ಮೊದಲು ಆ ಬೂದಿ ಬಣ್ಣದ ವಿಚಾರ. ಅದು ಫಿಲಂನ ದೋಷವಲ್ಲ, ತೊಳೆದದ್ದರ ದೋಷವೂ ಅಲ್ಲ. ನೀನು ಕಳಿಸಿದ ಡಬ್ಬಿಯಲ್ಲಿದ್ದದ್ದು ಕೋಡಕ್‌ನ ಡಬಲ್-ಎಕ್ಸ್, ೫೨೨೨ ನಂಬರಿನದು, ೧೯೫೯ರಲ್ಲಿ ಬಂದ ಸಿನಿಮಾ ನೆಗೆಟಿವ್. ಸಿನಿಮಾದ ನೆಗೆಟಿವನ್ನು ಪ್ರೇಕ್ಷಕರು ಯಾವತ್ತೂ ನೋಡುವುದಿಲ್ಲ. ಅದರಿಂದ ಇನ್ನೊಂದು ಫಿಲಂಗೆ ಪ್ರಿಂಟ್ ಹಾಕುತ್ತಾರೆ, ಟಾಕೀಸಿನಲ್ಲಿ ಓಡುವುದು ಆ ಪ್ರಿಂಟ್. ಪ್ರಿಂಟ್ ಫಿಲಂ ಬಹಳ ಗಡುಸು. ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡುತ್ತದೆ. ಅದಕ್ಕೇ ನೆಗೆಟಿವನ್ನು ಮೆದುವಾಗಿ ತೊಳೆದು, ಗ್ಯಾಮಾ ೦.೬೫ರ ಹತ್ತಿರ ನಿಲ್ಲಿಸುತ್ತಾರೆ. ಅಂದರೆ ಎದುರಿಗಿದ್ದ ಬಿಸಿಲು-ನೆರಳಿನ ಅಂತರ ನೆಗೆಟಿವಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಇಳಿದಿರುತ್ತದೆ. ಬಿಸಿಲೂ ಉಳಿದಿರುತ್ತದೆ, ನೆರಳೂ ಉಳಿದಿರುತ್ತದೆ. ಗಡುಸು ಮಾಡುವ ಕೆಲಸ ಆಮೇಲಿನದು, ಅದನ್ನು ನಾವು ಕೂತು ಮಾಡಬಹುದು. ನಾನು ಕಳಿಸಿದ್ದು ಏನೂ ಮಾಡದ ಹಸಿ ಸ್ಕ್ಯಾನ್.

ಆ ಪಟವನ್ನೇ ಇನ್ನೊಮ್ಮೆ ದೊಡ್ಡದು ಮಾಡಿ ನೋಡು. ಅಮ್ಮ ಜಗಲಿಯ ಅಂಚಿನಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದಾಳೆ. ಹಿಂದೆ ಅಂಗಳದ ತುಂಬ ನಡುಮಧ್ಯಾಹ್ನದ ಬಿಸಿಲು, ಒಣಗಲು ಹಾಕಿದ ಅಡಿಕೆ. ಇನ್ನೊಂದು ಮಗ್ಗುಲಿಗೆ ಚಾವಡಿಯ ಕತ್ತಲೆ. ಅಂಗಳದ ಅಡಿಕೆ ಒಂದೊಂದೂ ಬೇರೆ ಬೇರೆ ಎಣಿಸುವ ಹಾಗಿದೆ. ಚಾವಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳ ಹೆಸರು ಓದಬಹುದು. ಅಮ್ಮನ ಹೆಬ್ಬೆರಳ ಉಗುರಿಗೆ ಸಿಪ್ಪೆಯ ನಾರೊಂದು ಅಂಟಿಕೊಂಡಿದೆ, ಅದೂ ಇದೆ. ಇದೇ ಜಾಗದಲ್ಲಿ ನೀನು ಫೋನಿನಲ್ಲಿ ತೆಗೆದ ಪಟ ನನ್ನ ಹತ್ತಿರ ಉಂಟು. ಫೋನು ಬಿಸಿಲನ್ನೂ ಕತ್ತಲೆಯನ್ನೂ ಒಂದೇ ಸಮ ಮಾಡಿಬಿಟ್ಟಿದೆ. ಅಮ್ಮ ನೆರಳಿನಲ್ಲಿ ಕೂತಿದ್ದಾಳೆ ಅಂತಲೇ ಅದರಲ್ಲಿ ಗೊತ್ತಾಗುವುದಿಲ್ಲ.

ನಮ್ಮದು ನೆರಳಿನ ಊರು ಪುಟ್ಟಿ. ತೋಟದೊಳಗೆ ಹೋದರೆ ಅಡಿಕೆ ಸೋಗೆಯ ಮಧ್ಯೆ ಬಿಸಿಲು ತುಂಡು ತುಂಡಾಗಿ ಬೀಳುತ್ತದೆ. ಒಂದು ಹೆಜ್ಜೆ ಈಚೆ ಕಣ್ಣು ಕೋರೈಸುತ್ತದೆ, ಒಂದು ಹೆಜ್ಜೆ ಆಚೆ ಕತ್ತಲೆ. ಇಂಥ ಬೆಳಕಿಗೆ ಮೆದು ನೆಗೆಟಿವ್ ಬೇಕು. ಬಿ.ವಿ. ಕಾರಂತರು ೧೯೭೫ರಲ್ಲಿ 'ಚೋಮನ ದುಡಿ' ಮಾಡಿದಾಗ ಕ್ಯಾಮರಾ ಹಿಡಿದವರು ಎಸ್. ರಾಮಚಂದ್ರ. ೧೯೭೭ರಲ್ಲಿ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ಕ್ಕೂ ಅವರೇ. ಎರಡೂ ಕಪ್ಪು ಬಿಳುಪು, ಎರಡಕ್ಕೂ ಸ್ವರ್ಣಕಮಲ ಬಂತು. ನೀನು ಬಂದಾಗ ಮತ್ತೊಮ್ಮೆ ಇಬ್ಬರೂ ನೋಡುವ. ಕಥೆ ಗೊತ್ತಿದ್ದದ್ದೇ, ಈ ಸಲ ಬರೀ ನೆರಳು ನೋಡು. ಮನೆಯೊಳಗಿನ ಕತ್ತಲೆಯಲ್ಲಿ ಮುಖ ಎಷ್ಟು ಕಾಣುತ್ತದೆ, ಎಷ್ಟು ಬಿಟ್ಟಿದ್ದಾರೆ ಅಂತ ನೋಡು. ಅಷ್ಟು ಸಾಕು ನಿನಗೆ, ಬೇರೆ ಪಾಠ ಬೇಡ.

ನಮ್ಮ ಅಡಿಗೆಮನೆಯ ಕನ್ನಡಿ ಹಂಚು ನೆನಪುಂಟಲ್ಲ? ಬೆಳಿಗ್ಗೆ ಒಲೆಯ ಹೊಗೆಯ ಮಧ್ಯೆ ಅದರಿಂದ ಕೋಲಿನ ಹಾಗೆ ಬಿಸಿಲು ಇಳಿಯುತ್ತದೆ. ಮೈಸೂರಿನ ವಿ.ಕೆ. ಮೂರ್ತಿಯವರು 'ಕಾಗಜ್ ಕೆ ಫೂಲ್'ನಲ್ಲಿ ಇಂಥದ್ದೇ ಬೆಳಕಿನ ಕೋಲನ್ನು ದೊಡ್ಡ ಕನ್ನಡಿಗಳಿಂದ ಬಿಸಿಲನ್ನೇ ಸ್ಟುಡಿಯೋದೊಳಗೆ ತಿರುಗಿಸಿ ತಂದಿದ್ದರು. ಅದೂ ೧೯೫೯ರ ಚಿತ್ರವೇ. ೨೦೦೮ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಮೊದಲ ಸಲ. ಮೂರ್ತಿಯವರು ಅಷ್ಟು ಶ್ರಮಪಟ್ಟು ತಂದದ್ದು ನಮ್ಮ ಮನೆಯಲ್ಲಿ ದಿನಾ ಎಂಟು ಗಂಟೆಗೆ ತಾನಾಗಿ ಬರುತ್ತದೆ. ಅದರ ಒಂದು ಪಟವನ್ನೂ ನಾವು ಇನ್ನೂ ತೆಗೆದಿಲ್ಲ.

"ಸಿನಿಮಾ ಫಿಲಂ ಫೋಟೋ ಕ್ಯಾಮರಾದಲ್ಲಿ ಯಾಕೆ" ಅಂತ ನಿನ್ನ ಸ್ನೇಹಿತರು ಕೇಳಿದರಂತಲ್ಲ. ಅವರಿಗೆ ಹೇಳು, ಆ ಕ್ಯಾಮರಾ ಹುಟ್ಟಿದ್ದೇ ಸಿನಿಮಾ ಫಿಲಂಗೆ ಅಂತ. ಜರ್ಮನಿಯ ಆಸ್ಕರ್ ಬಾರ್ನಾಕ್ ಸಿನಿಮಾದ ೩೫ ಮಿಲಿಮೀಟರ್ ಫಿಲಂ ಹಾಕಿ ಸಣ್ಣ ಕ್ಯಾಮರಾ ಮಾಡಿದ. ೧೯೨೫ರಲ್ಲಿ ಅದು ಲೈಕಾ ಅಂತ ಪೇಟೆಗೆ ಬಂತು. ಸಿನಿಮಾದಲ್ಲಿ ಒಂದು ಚೌಕಟ್ಟಿಗೆ ಫಿಲಂ ಅಂಚಿನ ನಾಲ್ಕು ತೂತು, ಬಾರ್ನಾಕ್ ಎಂಟು ಮಾಡಿಕೊಂಡ. ನಮ್ಮ ದೇಶದಲ್ಲೂ ಇದು ಹೊಸತಲ್ಲ. ಹೊರಗಿನ ಫಿಲಂ ಸಿಗುವುದು ಕಷ್ಟವಾಗಿದ್ದ ಕಾಲದಲ್ಲಿ ಶೂಟಿಂಗಿನಲ್ಲಿ ಮಿಕ್ಕ ತುಂಡು ರೀಲನ್ನು ಕ್ಯಾಸೆಟ್ಟಿಗೆ ಸುತ್ತಿ ಫೋಟೋ ತೆಗೆದವರು ಎಷ್ಟೋ ಜನ. ಆಗ ಸ್ಟುಡಿಯೋಗಳಲ್ಲಿ ಪೂರ್ವ ಜರ್ಮನಿಯ ಓರ್ವೋ, ಇಲ್ಲದಿದ್ದರೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ 'ಇಂದು'. ಊಟಿಯ ಕಾರ್ಖಾನೆ ಮುಚ್ಚಿದ್ದು ನನಗೆ ಈಗಲೂ ಸಂಕಟದ ವಿಚಾರ. ನಮ್ಮದೇ ಫಿಲಂ ಅಂತ ಒಂದಿತ್ತು ಅನ್ನುವುದೇ ಜನಕ್ಕೆ ಮರೆತುಹೋಗಿದೆ.

ಇನ್ನು ಲ್ಯಾಬು. ಬಣ್ಣದ ರೋಲು ತೊಳೆಯುವ ಮೆಷಿನ್ನಿಗೆ ಇದನ್ನು ತಪ್ಪಿಯೂ ಹಾಕಿಸಬೇಡ. ಕಪ್ಪು ಬಿಳುಪಿನಲ್ಲಿ ಚಿತ್ರ ಇರುವುದೇ ಬೆಳ್ಳಿಯಲ್ಲಿ. ಬಣ್ಣದ ಕ್ರಮದಲ್ಲಿ ಆ ಬೆಳ್ಳಿಯನ್ನೆಲ್ಲ ಬ್ಲೀಚ್ ಮಾಡಿ ತೆಗೆಯುತ್ತಾರೆ, ಕೈಗೆ ಬರುವುದು ಖಾಲಿ ಪಟ್ಟಿ. ಕಪ್ಪು ಬಿಳುಪು ಬಲ್ಲವರ ಲ್ಯಾಬೇ ಆಗಲಿ, ಅವರು ಎಲ್ಲರ ರೋಲಿಗೂ ಒಂದೇ ನಿಮಿಷ ಇಡುತ್ತಾರೆ. ನೀನು ಯಾವ ಬೆಳಕಿನಲ್ಲಿ ನಿಂತಿದ್ದಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಸುಡು ಬಿಸಿಲಿನ ರೋಲನ್ನು ಸ್ವಲ್ಪ ಬೇಗ ತೆಗೆಯಬೇಕು, ಮಳೆಗಾಲದ ಮೋಡದ ರೋಲನ್ನು ಸ್ವಲ್ಪ ಹೊತ್ತು ಬಿಡಬೇಕು. ಬೆಳಕು ಹೇಗಿತ್ತು ಅಂತ ಬಲ್ಲವಳು ನೀನು. ನಿಮಿಷ ನಿರ್ಧರಿಸುವವಳೂ ನೀನೇ ಆಗಬೇಕು. ನಾನು ಹಠ ಮಾಡುವುದು ಇದಕ್ಕೆ, ದುಡ್ಡು ಉಳಿಸಲಿಕ್ಕೆ ಅಲ್ಲ.

ಕೆಲಸ ನೀನು ತಿಳಿದಷ್ಟು ದೊಡ್ಡದಲ್ಲ. ಡಿ-೯೬ ಅಂತ ಸಿನಿಮಾ ಲ್ಯಾಬುಗಳದ್ದೇ ಡೆವಲಪರ್ ಉಂಟು. ಒಂದು ಲೀಟರಿಗೆ ಮೆಟಾಲ್ ಒಂದೂವರೆ ಗ್ರಾಂ, ಸೋಡಿಯಂ ಸಲ್ಫೈಟ್ ೭೫ ಗ್ರಾಂ, ಹೈಡ್ರೋಕ್ವಿನೋನ್ ಒಂದೂವರೆ ಗ್ರಾಂ, ಬೋರಾಕ್ಸ್ ನಾಲ್ಕೂವರೆ ಗ್ರಾಂ, ಚಿಟಿಕೆ ಪೊಟ್ಯಾಸಿಯಂ ಬ್ರೋಮೈಡ್. ಬಿಸಿನೀರಿನಲ್ಲಿ ಮೆಟಾಲ್ ಮೊದಲು, ಅದು ಪೂರ್ತಿ ಕರಗಿದ ಮೇಲೆ ಸಲ್ಫೈಟ್. ತಿರುವುಮುರುವು ಮಾಡಿದರೆ ಮೆಟಾಲ್ ಕರಗುವುದಿಲ್ಲ. ಕೊಳೆರೋಗದ ಮದ್ದಿಗೆ ಮೈಲುತುತ್ತು ತೂಗುವ ತಕ್ಕಡಿ, ಪಾತ್ರೆ ಯಾವುದನ್ನೂ ಇದಕ್ಕೆ ಮುಟ್ಟಿಸಬಾರದು, ತಾಮ್ರದ ಅಂಶ ಸೇರಿದರೆ ಡೆವಲಪರ್ ಕೆಡುತ್ತದೆ. ಡೆವಲಪರಿಗೆ ಬೇರೆಯೇ ತಕ್ಕಡಿ, ಪಾತ್ರೆ ಇಟ್ಟಿದ್ದೇನೆ, ಅಟ್ಟದಲ್ಲಿ.

ಕಷ್ಟ ಇರುವುದು ನೀರಿನ ಬಿಸಿಯಲ್ಲಿ. ಇದನ್ನು ತೊಳೆಯಬೇಕಾದದ್ದು ೨೧ ಡಿಗ್ರಿಯಲ್ಲಿ, ಏಳು ನಿಮಿಷದ ಆಸುಪಾಸು. ಬೇಸಗೆಯಲ್ಲಿ ನಮ್ಮ ಟಾಂಕಿಯ ನೀರು ಮುಟ್ಟಿದರೆ ಕೈ ಬೆಚ್ಚಗಾಗುತ್ತದೆ. ಆದರೆ ನಮಗೆ ಸುರಂಗ ಉಂಟಲ್ಲ. ಗುಡ್ಡದ ಹೊಟ್ಟೆಯಿಂದ ಜಿನುಗುವ ನೀರಿಗೆ ಏಪ್ರಿಲ್ಲೂ ಒಂದೇ, ಡಿಸೆಂಬರೂ ಒಂದೇ. ಬಾಲ್ದಿಯಲ್ಲಿ ಆ ನೀರು ಹಿಡಿದು ನಾಲ್ಕು ತುಂಡು ಐಸ್ ಹಾಕಿ, ಅದರಲ್ಲಿ ಡೆವಲಪರಿನ ಬಾಟಲಿ, ಚಿತ್ರ ಸ್ಥಿರಗೊಳಿಸುವ ಹೈಪೋ ಬಾಟಲಿ, ಫಿಲಂ ಟ್ಯಾಂಕು ಮೂರನ್ನೂ ಒಟ್ಟಿಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಎಲ್ಲ ಒಂದೇ ಹದಕ್ಕೆ ಬರುತ್ತದೆ. ಒಂದೇ ಹದ ಇರಬೇಕು, ಅದು ಮುಖ್ಯ. ತಣ್ಣಗಿನದರಿಂದ ತಟ್ಟನೆ ಬಿಸಿಗೆ ಹೋದರೆ ಫಿಲಂನ ಜೆಲಟಿನ್ ಉಬ್ಬಿ ಬಿರುಕು ಬಿಟ್ಟ ಹಾಗೆ ಸುಕ್ಕಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಕೊನೆಯ ತೊಳೆತಕ್ಕೂ ಸುರಂಗದ ನೀರೇ, ಬಟ್ಟೆಯಲ್ಲಿ ಸೋಸಿ. ಜಂಬಿಟ್ಟಿಗೆ ಕಲ್ಲಿನ ನೀರು ಮೆದು, ಒಣಗಿದ ಮೇಲೆ ಫಿಲಂ ಮೇಲೆ ಉಪ್ಪಿನ ಕಲೆ ನಿಲ್ಲುವುದಿಲ್ಲ.

ಹೈಪೋ ಮಾತ್ರ ತೋಡಿಗೆ ಚೆಲ್ಲಬಾರದು. ಅದರಲ್ಲಿ ಬೆಳ್ಳಿ ಕರಗಿರುತ್ತದೆ, ಮೀನಿಗೆ ವಿಷ. ಸ್ಟೀಲ್ ವೂಲ್ ಹಾಕಿಟ್ಟು ಬೆಳ್ಳಿ ಇಳಿಸಿ, ಬಾಟಲಿಯಲ್ಲಿ ತುಂಬಿಸಿ ಇಡುತ್ತಿದ್ದೇನೆ. ತೋಡಿನ ನೀರು ಪಯಸ್ವಿನಿಗೆ ಸೇರುವುದು, ಕೆಳಗೆ ಎಷ್ಟೋ ತೋಟ ಉಂಟು.

ನೂರು ಅಡಿ ಡಬ್ಬಿಯಿಂದ ಹದಿನೆಂಟು ರೋಲಿನವರೆಗೆ ಬರುತ್ತದೆ. ಕ್ಯಾಸೆಟ್ಟಿಗೆ ತುಂಬುವುದು ರಾತ್ರಿ, ಅಟ್ಟದಲ್ಲಿ, ಬಾಗಿಲ ಸಂದಿಗೆ ಕಂಬಳಿ ಒತ್ತಿ. ಸ್ಟುಡಿಯೋಗಳಲ್ಲಿ ನೋಡಿದ ಕೆಂಪು ಬಲ್ಬು ಇಲ್ಲಿ ನಡೆಯುವುದಿಲ್ಲ, ಅದು ಪೇಪರಿಗೆ. ಈ ಫಿಲಂ ಎಲ್ಲ ಬಣ್ಣದ ಬೆಳಕಿಗೂ ಎಚ್ಚರ. ಮಳೆ ಹಿಡಿಯುವ ಮೊದಲು ಮಿಂಚುಹುಳ ಒಳಗೆ ಬರುತ್ತದೆ, ಅದೂ ಇರಬಾರದು. ಬೆರಳಿಗೆ ಫಿಲಂನ ತೂತು ಸಿಗುತ್ತದೆ, ಕ್ಯಾಸೆಟ್ಟಿನ ಮೊಳೆ ಸಿಗುತ್ತದೆ, ಕಣ್ಣೇ ಬೇಡ. ನಿನಗೆ ಆ ಕೆಲಸ ತುಂಬ ಇಷ್ಟವಾಗುತ್ತದೆ ಅಂತ ನನಗೆ ಗೊತ್ತು.

ಹೈಪೋ ಪೂರ್ತಿ ಹೋಗುವ ಹಾಗೆ ತೊಳೆದು ಒಣಗಿಸಿದ ನೆಗೆಟಿವ್ ನಮ್ಮಿಬ್ಬರಿಗಿಂತ ಹೆಚ್ಚು ಬಾಳುತ್ತದೆ. 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಉಳಿದಿದ್ದಕ್ಕೇ ಅದನ್ನು ಹೊಸದಾಗಿ ಸರಿಪಡಿಸಿ ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಆದದ್ದು. ನಮ್ಮ ಶತ್ರು ಬೂಷ್ಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಜೆಲಟಿನ್ ಮೇಲೆ ಬೂಷ್ಟು ಕೂರಲು ಎರಡು ವಾರ ಸಾಕು. ಸಿಲಿಕಾ ಜೆಲ್ ಹಾಕಿದ ಸ್ಟೀಲಿನ ಡಬ್ಬಿಯಲ್ಲಿ ಇಡುತ್ತೇನೆ, ಆಗಾಗ ಜೆಲ್ಲನ್ನು ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸುತ್ತೇನೆ.

ಈ ಸಲ ನೀನು ಬರುವಾಗ ಬನಾರಿಯಲ್ಲಿ ತಾಳಮದ್ದಳೆ ಇದ್ದರೆ ಕ್ಯಾಮರಾ ತಗೊಂಡು ಹೋಗುವ. ಅಲ್ಲಿಯದು ಕೀರಿಕ್ಕಾಡು ಮಾಸ್ತರು ಕಟ್ಟಿ ಬೆಳೆಸಿದ ಯಕ್ಷಗಾನ ಸಂಘ. ಅಲ್ಲಿ ಕೂತು ಅರ್ಥ ಹೇಳುವವರ ಮುಖ ಹತ್ತಿರದಿಂದ ಸಿಗುತ್ತದೆ. ವೇಷವಿಲ್ಲ, ಬಣ್ಣವಿಲ್ಲ, ಬಿಳಿ ಪಂಚೆ, ಕೈ, ಕಣ್ಣು. ಕಪ್ಪು ಬಿಳುಪಿಗೆ ಅದಕ್ಕಿಂತ ತಕ್ಕ ಕಲೆ ನನಗೆ ಗೊತ್ತಿಲ್ಲ. ಹಗಲಿಗೆ ಈ ಫಿಲಂನ ವೇಗ ೨೫೦, ಬಲ್ಬಿನ ಬೆಳಕಿಗೆ ೨೦೦. ರಾತ್ರಿ ಅದು ಸಾಲದು; ಒಂದು ರೋಲನ್ನು ಪೂರ್ತಿ ೪೦೦ಕ್ಕೆ ಇಡು, ಅದನ್ನು ಹೆಚ್ಚು ಹೊತ್ತು ತೊಳೆಯುವ. ಅರ್ಥಧಾರಿ ಮಾತಿನ ಮಧ್ಯೆ ಉಸಿರು ತೆಗೆದುಕೊಳ್ಳುವಾಗ ಒತ್ತು, ಅವರ ಕೈ ಆಗ ಅಲುಗುವುದಿಲ್ಲ.

ಹೈಡ್ರೋಕ್ವಿನೋನ್ ಮುಗಿಯುತ್ತಾ ಬಂತು, ನೂರು ಗ್ರಾಂ ತಾ. ಕಂದು ಬಣ್ಣಕ್ಕೆ ತಿರುಗಿದ್ದರೆ ತಗೊಳ್ಳಬೇಡ. ಖಾಲಿ ಕ್ಯಾಸೆಟ್ ಸಿಕ್ಕಿದಷ್ಟು ತಾ. ತೆಗೆದ ರೋಲುಗಳ ಮೇಲೆ ಎಷ್ಟಕ್ಕೆ ಇಟ್ಟಿದ್ದಿ, ಬಿಸಿಲೋ ನೆರಳೋ, ಎರಡು ಮಾತು ಪೆನ್ನಿನಲ್ಲಿ ಬರೆದಿಡು. ರಾತ್ರಿ ಬಸ್ಸಿಗೆ ಹೊರಟರೆ ಬೆಳಿಗ್ಗೆ ಪುತ್ತೂರಿನಲ್ಲಿ ಇಳಿ, ಈಶ್ವರಮಂಗಲಕ್ಕೆ ನಾನೇ ಬರುತ್ತೇನೆ. ಇತ್ತೀಚೆಗೆ ಆನೆ ತೋಟಕ್ಕೆ ಇಳಿಯುತ್ತಿದೆ, ಕತ್ತಲೆಗೆ ಮೊದಲು ಮನೆ ಸೇರುವ ಹಾಗೆ ನೋಡಿಕೋ.

ನಿನ್ನ ಅಕ್ಕ